ಖಾಲಿ ಕಾಲಂ ಸೊನ್ನೆಯಲ್ಲ, ಉಸ್ತಾದರೇ

ಮದ್ರಸದಲ್ಲಿ ಈಗ ಎರಡು ಪುಸ್ತಕ. ಒಂದು, ನಮ್ಮ ಹಳೆಯ ರಟ್ಟಿನ ಹಾಜರಿ ಪುಸ್ತಕ. ಇನ್ನೊಂದು, ಮೊಬೈಲಿನ ಒಳಗಿರುವ ಗೂಗಲ್ ಕ್ಲಾಸ್‌ರೂಮ್. 2020ರ ಲಾಕ್‌ಡೌನ್‌ನಲ್ಲಿ ಮದ್ರಸದ ಬಾಗಿಲು ಮುಚ್ಚಿದಾಗ ಬೇರೆ ದಾರಿಯಿಲ್ಲದೆ ಆನ್‌ಲೈನ್ ಪಾಠ ಕಲಿತೆವು. ಬಾಗಿಲು ತೆರೆದ ಮೇಲೂ ಅದು ಹೋಗಲಿಲ್ಲ. ದುಬೈ, ದಮ್ಮಾಮ್, ಜುಬೈಲ್‌ಗಳಲ್ಲಿರುವ ನಮ್ಮವರ ಮಕ್ಕಳು ಊರಿನ ಉಸ್ತಾದರ ಬಳಿ ಮೊಬೈಲಿನಲ್ಲೇ ಓದುತ್ತಾರೆ. ಪಾಠ ಹೇಳುವುದು ಹೇಗೋ ಅಭ್ಯಾಸವಾಯಿತು. ಆದರೆ ಮಾರ್ಕ್ ಬರೆದಿಡುವುದು ಹೇಗೆ ಎಂದು ನಾವು ಮುಅಲ್ಲಿಮರು ಕೂತು ಮಾತಾಡಿದ್ದು ಕಡಿಮೆ.

ಒಂದು ಲೆಕ್ಕ ನೋಡಿ. ಒಂದು ಮಗು 50 ಅಂಕಗಳ ಮೂರು ಪರೀಕ್ಷೆ ಬರೆದು 40, 45, 42 ತೆಗೆದಿದೆ. ನಾಲ್ಕನೆಯದಕ್ಕೆ ಜ್ವರ, ಬರಲಿಲ್ಲ. ನಾಲ್ಕನೆಯ ಕಾಲಂ ಖಾಲಿ ಬಿಟ್ಟರೆ ಒಟ್ಟು 150ಕ್ಕೆ 127, ಅಂದರೆ ಶೇ. 84ಕ್ಕಿಂತ ಹೆಚ್ಚು. ಅಲ್ಲಿ ಸೊನ್ನೆ ಹಾಕಿದರೆ 200ಕ್ಕೆ 127, ಶೇ. 63.5. ಮಗುವಿನ ಕಲಿಕೆ ಅಷ್ಟೇ ಇದೆ, ಬದಲಾದದ್ದು ನಮ್ಮ ಬೆರಳು ಒತ್ತಿದ ಒಂದು ಅಂಕಿ ಮಾತ್ರ. ಗೂಗಲ್ ಶೀಟ್‌ನಲ್ಲೂ ಹೀಗೆಯೇ. ಸರಾಸರಿ ತೆಗೆಯುವ ಸೂತ್ರ ಖಾಲಿ ಜಾಗವನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮಗು ಬರೆಯದೆ ಉಳಿದದ್ದು ಯಾಕೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ಉಸ್ತಾದರಿಗೆ ಗೊತ್ತು. ಜ್ವರ ಬಂದ ಮಗುವಿಗೆ ಕಾಲಂ ಖಾಲಿ ಇರಲಿ, ಮರುಪರೀಕ್ಷೆ ಮಾಡಿ ತುಂಬಿಸೋಣ. ಬೇಕೆಂದೇ ಬರೆಯದವನಿಗೆ ಸೊನ್ನೆ ಹಾಕುವುದಾದರೆ ಅದನ್ನು ಮೊದಲೇ ಮನೆಯವರಿಗೆ ಹೇಳಿರೋಣ. ಎಲ್ಲ ಖಾಲಿ ಜಾಗಕ್ಕೂ ಒಟ್ಟಿಗೆ ಸೊನ್ನೆ ತುಂಬುವುದು ಸುಲಭ, ಆದರೆ ನ್ಯಾಯವಲ್ಲ.

ಎರಡನೆಯದು, ಯಾವುದಕ್ಕೆ ಎಷ್ಟು ತೂಕ ಎಂಬುದು. ಫಿಖ್ಹ್, ತಾರೀಖ್ ಬರವಣಿಗೆಗೆ 100 ಅಂಕ, ಕುರ್‌ಆನ್ ಓದಿಗೆ 20 ಅಂಕ ಇಟ್ಟಿದ್ದೇವೆ ಅಂದುಕೊಳ್ಳಿ. ಒಬ್ಬ ಹುಡುಗಿ ತಜ್‌ವೀದ್ ತಪ್ಪದೆ ಓದಿ 20ಕ್ಕೆ 20 ತೆಗೆದಳು, ಬರವಣಿಗೆಯಲ್ಲಿ 60. ಬರೀ ಕೂಡಿದರೆ 120ಕ್ಕೆ 80, ಶೇ. 67ರ ಹತ್ತಿರ. ಅದೇ ಕ್ಲಾಸ್‌ರೂಮ್‌ನ ಸೆಟ್ಟಿಂಗ್‌ನಲ್ಲಿ ಎರಡು ವಿಭಾಗ ಮಾಡಿ ತಲಾ ಶೇ. 50 ಕೊಟ್ಟರೆ ಅವಳಿಗೆ ಶೇ. 80 ಸಿಗುತ್ತದೆ. ಯಾವುದು ಸರಿ? ಕುರ್‌ಆನ್ ಓದು ನಮಗೆ ಎಷ್ಟು ಮುಖ್ಯ ಎಂಬುದರ ಮೇಲೆ ಅದು ನಿಂತಿದೆ. ಸದರ್ ಉಸ್ತಾದರೂ ಆಡಳಿತ ಕಮಿಟಿಯೂ ಕೂತು ವರ್ಷದ ಆರಂಭದಲ್ಲೇ ತೀರ್ಮಾನಿಸಬೇಕು. ಪರೀಕ್ಷೆ ಮುಗಿದ ಮೇಲೆ ತೂಕ ಬದಲಿಸಿದರೆ ಯಾರದೋ ಮಗುವಿಗೆ ಲಾಭ, ಇನ್ಯಾರದೋ ಮಗುವಿಗೆ ನಷ್ಟ. ಆಮೇಲೆ ಜಮಾಅತ್‌ನಲ್ಲಿ ಮಾತು ಬೆಳೆಯುತ್ತದೆ.

ಮೂರನೆಯದು, ಮಕ್ಕಳ ಮಾನ. ಇಡೀ ತರಗತಿಯ ಮಾರ್ಕ್ ಪಟ್ಟಿಯ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಅಭ್ಯಾಸ ಹಲವು ಕಡೆ ಇದೆ. ಕಡಿಮೆ ಬಂದ ಮಗುವಿನ ಹೆಸರು ಅರ್ಧ ಗಂಟೆಯಲ್ಲಿ ಮಂಗಳೂರಿನಿಂದ ಗಲ್ಫಿಗೆ ತಲುಪುತ್ತದೆ. ಉಮ್ಮನಿಗೆ ಬೇಜಾರು, ಬಾಪನಿಂದ ಫೋನಿನಲ್ಲಿ ಬೈಗುಳ. ಮರುದಿನ ಬೆಳಗ್ಗೆ ಆ ಮಗುವಿಗೆ ಮದ್ರಸಕ್ಕೆ ಬರುವ ಮನಸ್ಸೇ ಇರುವುದಿಲ್ಲ. ಕ್ಲಾಸ್‌ರೂಮ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಇನ್ನೊಬ್ಬನ ಅಂಕ ಕಾಣುವುದಿಲ್ಲ. ನಾವು ‘ರಿಟರ್ನ್’ ಒತ್ತುವವರೆಗೆ ಅವನ ಅಂಕ ಅವನಿಗೂ ಕಾಣದು. ಆದ್ದರಿಂದ ಒತ್ತುವ ಮೊದಲು ಇನ್ನೊಮ್ಮೆ ನೋಡುವುದಕ್ಕೆ ಸಮಯವಿದೆ. ಶೀಟ್‌ನಲ್ಲಿ ಬರೆಯುವವರು ಲಿಂಕ್ ಸಿಕ್ಕಿದವರೆಲ್ಲ ತೆರೆಯುವಂತೆ ಇಡಬಾರದು. ಮಾರ್ಕಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಲೂಬಾರದು. ಹೆಸರುಗಳು ಇದ್ದಲ್ಲೇ ಉಳಿದು ಅಂಕಗಳು ಮಾತ್ರ ಜಾಗ ಬದಲಿಸುತ್ತವೆ, ಒಬ್ಬನ ಮಾರ್ಕ್ ಇನ್ನೊಬ್ಬನ ಪಾಲಾಗುತ್ತದೆ. ಹಾಗಾದರೂ ಗಾಬರಿ ಬೇಡ, ‘ವರ್ಷನ್ ಹಿಸ್ಟರಿ’ಯಲ್ಲಿ ಹಳೆಯ ಪಟ್ಟಿ ಸಿಗುತ್ತದೆ. ಆದರೂ ರಟ್ಟಿನ ಪುಸ್ತಕದಲ್ಲಿ ಒಂದು ಪ್ರತಿ ಇರುವುದು ಒಳ್ಳೆಯದು.

ಪವಿತ್ರ ಕುರ್‌ಆನ್‌ನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಆರಂಭವಾಗುವುದೇ ಅಳತೆ ತೂಕದಲ್ಲಿ ಕಡಿಮೆ ಕೊಡುವವರಿಗೆ ಎಚ್ಚರಿಕೆಯಿಂದ. ಅದನ್ನು ಬಂದರಿನ ದಿನಸಿ ಅಂಗಡಿಗೆ, ಮೀನು ಮಾರ್ಕೆಟ್ಟಿಗೆ ಹೊಂದಿಸಿ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಾರ್ಕ್ ಪುಸ್ತಕವೂ ಒಂದು ತಕ್ಕಡಿಯೇ ಅಲ್ಲವೇ? ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಮುಂದಿನ ಪರೀಕ್ಷೆಯ ಅಂಕ ತುಂಬುವ ಮೊದಲು ಪ್ರತಿ ಮದ್ರಸದ ಉಸ್ತಾದರು ಅರ್ಧ ಗಂಟೆ ಒಟ್ಟಿಗೆ ಕೂರಲಿ. ಖಾಲಿ ಕಾಲಂ ಏನು ಮಾಡುವುದು, ಓದಿಗೆ ಎಷ್ಟು ತೂಕ, ಪಟ್ಟಿ ಯಾರಿಗೆ ಕಾಣಬೇಕು – ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೂ ಕಳುಹಿಸಲಿ. ಮನೆಯವರು ಕೂಡ ಶೇಕಡಾ ನೋಡಿ ಮಗುವಿಗೆ ಬೈಯುವ ಮೊದಲು ಉಸ್ತಾದರಿಗೆ ಒಂದು ಫೋನ್ ಮಾಡಿ, ‘ಇದರಲ್ಲಿ ಎಷ್ಟು ಪರೀಕ್ಷೆ ಸೇರಿದೆ?’ ಎಂದು ಕೇಳಲಿ.