ಕೂದಲುದುರುವಿಕೆಯೂ ವೃದ್ಧಿಕಾರಕಗಳೂ

ತಲೆಯ ಕೂದಲು ಉದುರಿದರೆ ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ ಮನಸ್ಸಿನ ನೆಮ್ಮದಿಗೆ ಅಪಾಯವುಂಟು. ಬಾಚಣಿಗೆಯಲ್ಲಿ ನಿತ್ಯವೂ ಕೂದಲಿನ ಉಂಡೆಯನ್ನು ಕಾಣುವ ಗೃಹಿಣಿಯೂ, ಮದುವೆಗೆ ಮುಂಚೆಯೇ ಹಣೆ ಅಗಲವಾಗುತ್ತಿರುವ ತರುಣನೂ ಪಡುವ ವ್ಯಥೆಯನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಈ ವ್ಯಥೆಯನ್ನೇ ಬಂಡವಾಳವಾಗಿ ಮಾಡಿಕೊಂಡು ಬಗೆಬಗೆಯ ತೈಲಗಳನ್ನು ಮಾರುವವರು ಹಿಂದಿನಿಂದಲೂ ಇದ್ದಾರೆ. ಈಚೆಗೆ ತೈಲದ ಜತೆಗೆ ‘ಗ್ರೋತ್ ಫ್ಯಾಕ್ಟರ್’ ಎಂಬ ಹೊಸ ಹೆಸರೂ ಕಿವಿಗೆ ಬೀಳುತ್ತಿದೆ. ತಲೆಗೆ ಹಚ್ಚುವ ಸೀಸೆಗಳ ಮೇಲೆಯೂ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತಿರುವುದರಿಂದ, ಅದರ ನಿಜಸ್ವರೂಪವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಆದುದು. ಬೆಳೆಯಬೇಕೆ, ಇಬ್ಭಾಗವಾಗಬೇಕೆ, ಸುಮ್ಮನಿರಬೇಕೆ ಎಂಬುದನ್ನು ಒಂದು ಕೋಶದಿಂದ ಇನ್ನೊಂದಕ್ಕೆ ತಿಳಿಸುವ ದೂತರಂತಿರುವ ಕೆಲವು ಪ್ರೋಟೀನುಗಳುಂಟು. ಅವುಗಳನ್ನೇ ಗ್ರೋತ್ ಫ್ಯಾಕ್ಟರ್, ಎಂದರೆ ವೃದ್ಧಿಕಾರಕ, ಎಂದು ಕರೆಯುವುದು. ಇವುಗಳನ್ನು ಕಂಡುಹಿಡಿದುದಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ವಿದುಷಿಗೂ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿಗೂ 1986ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೋಹೆನ್ನರು ಇಲಿಯ ಲಾಲಾಗ್ರಂಥಿಯಿಂದ ತೆಗೆದ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ, ಅವು ವಾಡಿಕೆಯ ಕಾಲಕ್ಕಿಂತ ಮುಂಚೆಯೇ ಕಣ್ಣು ತೆರೆದುವು. ಅವುಗಳ ಹಲ್ಲುಗಳೂ ಬೇಗನೆ ಮೂಡಿದುವು. ಆ ಸಾರದಲ್ಲಿದ್ದ ವಸ್ತುವಿಗೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಎಂದರೆ ಮೇಲ್ಚರ್ಮದ ವೃದ್ಧಿಕಾರಕ, ಎಂದು ಹೆಸರಾಯಿತು.

ಇವಕ್ಕೂ ಕೂದಲಿಗೂ ಸಂಬಂಧವೇನು? ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ರೋಮಕೂಪಗಳಿರುತ್ತವೆ. ಪ್ರತಿಯೊಂದು ಕೂಪವೂ 2ರಿಂದ 6 ವರ್ಷಗಳವರೆಗೆ ಕೂದಲನ್ನು ಬೆಳೆಯಿಸಿ, ಸುಮಾರು 3 ತಿಂಗಳು ವಿಶ್ರಮಿಸಿ, ಹಳೆಯದನ್ನು ಬಿಟ್ಟು ಹೊಸದನ್ನು ತಳೆಯುತ್ತದೆ. ಆದಕಾರಣ ದಿನಕ್ಕೆ 50ರಿಂದ 100 ಕೂದಲುಗಳು ಉದುರುವುದು ಸ್ವಾಭಾವಿಕವೇ ಸರಿ. ಈ ಸರದಿಯನ್ನು ನಡೆಸುವುದರಲ್ಲಿ ವೃದ್ಧಿಕಾರಕಗಳಿಗೂ ಪಾಲುಂಟು. ರಕ್ತನಾಳಗಳನ್ನು ಬೆಳೆಯಿಸುವ ಒಂದು ಕಾರಕವನ್ನು ಇಲಿಗಳ ರೋಮಕೂಪಗಳಲ್ಲಿ ಹೆಚ್ಚಿಸಿದಾಗ ಕೂದಲು ದಪ್ಪವಾಗಿಯೂ ಶೀಘ್ರವಾಗಿಯೂ ಬೆಳೆಯಿತೆಂದು 2001ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಆಸೆಯು ಹುಟ್ಟಿದುದು ಇಂಥ ಸಂಶೋಧನೆಗಳಿಂದಲೇ.

ಆದರೆ ಹೆಸರಿನಲ್ಲಿ ವೃದ್ಧಿಯಿದ್ದ ಮಾತ್ರಕ್ಕೆ ಕೂದಲೂ ವೃದ್ಧಿಯಾಗುವುದೆಂದು ತಿಳಿಯಬಾರದು. ಮೇಲೆ ಹೇಳಿದ ಮೇಲ್ಚರ್ಮದ ಕಾರಕವನ್ನೇ ಆಸ್ಟ್ರೇಲಿಯಾ ದೇಶದ ವಿಜ್ಞಾನಿಗಳು ಕುರಿಗಳಿಗೆ ಚುಚ್ಚಿ ನೋಡಿದರು. ಉಣ್ಣೆ ಬೆಳೆಯಲಿಲ್ಲ, ಅದರ ಬೆಳವಣಿಗೆ ಕೆಲವು ಕಾಲ ತಡೆದು, ಎಳೆಗಳು ದುರ್ಬಲವಾಗಿ, ಮೈಮೇಲಿನ ಉಣ್ಣೆಯೆಲ್ಲ ಕತ್ತರಿಯಿಲ್ಲದೆಯೇ ಕಳಚಿಬಂದಿತು! 1990ರ ದಶಕದ ಕೊನೆಯಲ್ಲಿ ಇದೇ ಒಂದು ಉದ್ಯಮವಾಗಿ, ಉದುರುವ ಉಣ್ಣೆಯನ್ನು ಹಿಡಿಯಲು ಕುರಿಗಳಿಗೆ ಬಲೆಯ ಅಂಗಿಯನ್ನೂ ತೊಡಿಸಿದರು. ಇನ್ನೊಂದು ವೃದ್ಧಿಕಾರಕವು ಕೂದಲಿನ ಬೆಳವಣಿಗೆಗೆ ಕೊನೆಹಾಡುವ ಸಂದೇಶವನ್ನೇ ಕೊಡುತ್ತದೆ. ಅದಿಲ್ಲದ ಇಲಿಗಳಿಗೆ ಅತಿ ಉದ್ದನೆಯ ಕೂದಲು ಬೆಳೆಯುವುದು 1994ರಲ್ಲಿ ತಿಳಿದುಬಂದಿತು. ಆದುದರಿಂದ ಯಾವ ಕಾರಕ, ಎಷ್ಟು ಪ್ರಮಾಣ, ಯಾವ ಸಮಯ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಲ್ಲದೆ ಈ ಪ್ರೋಟೀನುಗಳು ಗಾತ್ರದಲ್ಲಿ ದೊಡ್ಡವು. ಗಾಯವಿಲ್ಲದ ಚರ್ಮದ ಮೇಲೆ ಹಚ್ಚಿದರೆ ಅವು ಸುಲಭವಾಗಿ ಒಳಗಿಳಿಯುವುದಿಲ್ಲ.

ಈಗ ಹೆಚ್ಚಾಗಿ ನಡೆಯುತ್ತಿರುವ ಚಿಕಿತ್ಸೆಯು ಪಿ.ಆರ್.ಪಿ. ಎಂಬುದು. ರೋಗಿಯ ತೋಳಿನಿಂದಲೇ ಸ್ವಲ್ಪ ರಕ್ತವನ್ನು ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್‌ಗಳು ಹೆಚ್ಚಾಗಿರುವ ಭಾಗವನ್ನು ಬೇರ್ಪಡಿಸಿ ತಲೆಯ ಚರ್ಮಕ್ಕೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್‌ಗಳಲ್ಲಿ ಹಲವು ವೃದ್ಧಿಕಾರಕಗಳು ಅಡಗಿರುತ್ತವೆ. ಕೆಲವು ಪರೀಕ್ಷೆಗಳಲ್ಲಿ ಕೂದಲಿನ ಸಾಂದ್ರತೆಯು ಹೆಚ್ಚಿದುದು ನಿಜ. ಬೇರೆ ಕೆಲವು ಪರೀಕ್ಷೆಗಳಲ್ಲಿ ಬರಿಯ ಉಪ್ಪುನೀರನ್ನು ಚುಚ್ಚಿದುದಕ್ಕಿಂತ ಹೆಚ್ಚಿನ ಗುಣವು ಕಾಣಲಿಲ್ಲ. ತಯಾರಿಸುವ ಕ್ರಮವೂ ಒಂದೊಂದು ಕಡೆ ಒಂದೊಂದು ಬಗೆ. ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯೂ ಇದಲ್ಲ. ತಿಂಗಳಿಗೊಮ್ಮೆಯಂತೆ ಹಲವು ಸಲ ಚುಚ್ಚಿಸಿಕೊಂಡು, ಮುಂದೆಯೂ ಆಗಾಗ್ಗೆ ಮಾಡಿಸಬೇಕಾಗುವುದರಿಂದ ವೆಚ್ಚವು ಬೆಳೆಯುತ್ತದೆ. ಶುಚಿತ್ವವಂತೂ ಅತ್ಯಗತ್ಯ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿಯಿಲ್ಲದ ಒಂದು ಸೌಂದರ್ಯಶಾಲೆಯಲ್ಲಿ ಇದೇ ಬಗೆಯ ರಸವನ್ನು ಮುಖಕ್ಕೆ ಚುಚ್ಚಿಸಿಕೊಂಡ ಸ್ತ್ರೀಯರಿಗೆ ಎಚ್.ಐ.ವಿ. ಸೋಂಕು ತಗಲಿದುದು 2018ರಲ್ಲಿ ಬಯಲಿಗೆ ಬಂದಿತು.

ಹೀಗಿರಲು ಗೃಹಸ್ಥರು ಏನು ಮಾಡಬೇಕು? ಮೊದಲು ಕಾರಣವನ್ನು ತಿಳಿಯಬೇಕು. ಬಾಣಂತಿಯರಿಗೂ, ಕಠಿನ ಜ್ವರದಿಂದ ಎದ್ದವರಿಗೂ ಎರಡು ಮೂರು ತಿಂಗಳ ತರುವಾಯ ಕೂದಲು ರಾಶಿರಾಶಿಯಾಗಿ ಉದುರುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಆ ಸಮಯದಲ್ಲಿ ಯಾವ ಔಷಧವನ್ನು ಬಳಸಿದ್ದರೂ ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ! ರಕ್ತಹೀನತೆಯಿಂದಾಗಲಿ ಥೈರಾಯ್ಡ್ ದೋಷದಿಂದಾಗಲಿ ಉದುರುವುದಾದರೆ ಮೂಲರೋಗಕ್ಕೆ ಚಿಕಿತ್ಸೆಯಾಗಬೇಕು. ವಂಶಪಾರಂಪರ್ಯವಾಗಿ ಬರುವ ಬೋಳುತನಕ್ಕೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧವು ಅಮೆರಿಕದಲ್ಲಿ 1988ರಲ್ಲಿಯೂ, ಪುರುಷರು ಸೇವಿಸುವ ಫಿನಾಸ್ಟರೈಡ್ ಗುಳಿಗೆಯು 1997ರಲ್ಲಿಯೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಸರಕಾರದ ಒಪ್ಪಿಗೆ ಪಡೆದುವು. ಇವುಗಳನ್ನೂ ವೈದ್ಯರ ಸಲಹೆಯಿಂದಲೇ ಬಳಸತಕ್ಕದ್ದು. ಗರ್ಭಿಣಿಯರಿಗೆ ಇವು ಸಲ್ಲವು. ಔಷಧವನ್ನು ಬಿಟ್ಟರೆ ಗುಣವೂ ಬಿಟ್ಟುಹೋಗುವುದೆಂಬುದನ್ನೂ ನೆನಪಿಡಬೇಕು.

ವೃದ್ಧಿಕಾರಕಗಳ ವಿಷಯವು ಬರಿಯ ಮೋಸವೆಂದು ನಾವು ಹೇಳುವುದಿಲ್ಲ. ಅದು ಇನ್ನೂ ಹಣ್ಣಾಗದ ಕಾಯಿ. ಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ನಮ್ಮ ಕೂದಲು ಯಾವ ಕಾರಣದಿಂದ ಉದುರುತ್ತಿದೆ? ಎಷ್ಟು ಸಲ ಚುಚ್ಚಬೇಕು? ಒಟ್ಟು ವೆಚ್ಚವೆಷ್ಟು? ಗುಣ ಕಾಣದಿದ್ದರೆ ಎಂದು ನಿಲ್ಲಿಸುವಿರಿ? ಇವಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುವವರಲ್ಲಿಗೆ ಹೋಗಬಹುದು. ಕೊಡಲಾರದವರ ಕೈಗೆ ತಲೆಯನ್ನೂ ಹಣದ ಚೀಲವನ್ನೂ ಒಪ್ಪಿಸದಿರುವುದೇ ಲೇಸು.