ಮಕ್ಕಳ ಕೋರೆಹಲ್ಲು ಬಂದಿಲ್ವಾ? ಎಲುಬಿನೊಳಗೆ ಸಿಕ್ಕಿಕೊಂಡಿರಬಹುದು
ಕೊಳಗಲ್ಲು: ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11–12ನೇ ವಯಸ್ಸಿಗೆ ಬರುತ್ತೆ. 13 ದಾಟಿದರೂ ಹಾಲುಹಲ್ಲೇ ಗಟ್ಟಿಯಾಗಿ ಕೂತಿದ್ದರೆ, ಹೊಸ ಹಲ್ಲು ದವಡೆ ಎಲುಬಿನಲ್ಲಿ ಸಿಕ್ಕಿಕೊಂಡಿರಬಹುದು. ನೋವಿಲ್ಲ ಅಂತ ಬಿಟ್ಟರೆ ಅದು ಪಕ್ಕದ ಹಲ್ಲಿನ ಬೇರು ಸವೆಸುವ ಅಪಾಯ ಇದೆ.

ಇಡೀ ದವಡೆ ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಹಲ್ಲು ಕಾಣುತ್ತೆ. ಆದರೆ ಅದು ತುಟಿ ಕಡೆಗಿದೆಯೋ, ಬಾಯಿ ಅಂಗಳದ ಕಡೆಗಿದೆಯೋ ಖಚಿತವಾಗಲ್ಲ. ಅದು ಗೊತ್ತಾಗದೆ ಆಪರೇಷನ್ ಮಾಡೋಕಾಗಲ್ಲ. ಅದಕ್ಕೇ ಎಕ್ಸ್‌ರೇ ಟ್ಯೂಬನ್ನು ಪಕ್ಕಕ್ಕೆ ಸರಿಸಿ ಎರಡು ಸಣ್ಣ ಎಕ್ಸ್‌ರೇ ತೆಗೀತಾರೆ. 1910ರಲ್ಲಿ ಸಿ.ಎ. ಕ್ಲಾರ್ಕ್ ವಿವರಿಸಿದ ವಿಧಾನ ಇದು.

ಬಳ್ಳಾರಿಗೆ ಬಸ್ಸಲ್ಲಿ ಹೋಗುವಾಗ ಹತ್ತಿರದ ಕಂಬ ಹಿಂದಕ್ಕೆ ಓಡುತ್ತೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತೆ ಅಲ್ವಾ? ಇದೂ ಹಾಗೇ. ಪಕ್ಕದ ಹಲ್ಲಿಗೆ ಹೋಲಿಸಿದಾಗ ಕೋರೆಹಲ್ಲು ಟ್ಯೂಬ್ ಸರಿದ ಕಡೆಗೇ ಸರಿದಂತೆ ಕಂಡರೆ ಅಂಗಳದ ಕಡೆ ಇದೆ. ಎದುರು ದಿಕ್ಕಿಗೆ ಸರಿದರೆ ತುಟಿ ಕಡೆ.

ಬೇರಿಗೆ ಹಾನಿಯಾದ ಅನುಮಾನವಿದ್ದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಬರೆದುಕೊಡ್ತಾರೆ. ಅದರಲ್ಲಿ ವಿಕಿರಣವೂ ಖರ್ಚೂ ಜಾಸ್ತಿ, ಹಾಗಾಗಿ ಎಲ್ಲರಿಗೂ ಬೇಕಿಲ್ಲ.

ಪೋಷಕರೇ, ಮಗುವಿಗೆ 10 ವರ್ಷ ಆದಾಗ ಹಾಲು ಕೋರೆಹಲ್ಲಿನ ಮೇಲೆ, ಒಸಡಿನ ಹೊರಗಡೆ ಬೆರಳಾಡಿಸಿ ನೋಡಿ. ಉಬ್ಬು ಸಿಗದಿದ್ದರೆ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ತೋರಿಸಿ. ಬೇಗ ಗೊತ್ತಾದರೆ ಕೆಲವೊಮ್ಮೆ ಹಾಲುಹಲ್ಲು ಕಿತ್ತರೇ ಸಾಕು, ಹೊಸದು ದಾರಿಗೆ ಬರುತ್ತೆ.