ಮರಗೆಲಸದಲ್ಲಿ ಸಂಧಿ

ಹೊಸೂರು ರಸ್ತೆಯ ಬೊಮ್ಮಸಂದ್ರ ಇಂದು ಯಂತ್ರಾಗಾರಗಳ ನೆಲೆ. ಆದರೂ ಅಲ್ಲಿಯ ಮನೆಯ ಮರದ ಬಾಗಿಲು, ಶಾಲೆಯ ಬೆಂಚು ಗಟ್ಟಿಯಾಗಿ ನಿಲ್ಲಬೇಕಾದರೆ 12ನೆಯ ಶತಮಾನದ ಶರಣ ಬಾಚಿಕಾಯಕದ ಬಸವಯ್ಯನ ಕಾಲದಲ್ಲಿಯೂ ಬಡಗಿಗಳು ಬಲ್ಲ ಉಪಾಯವೇ ಬೇಕು: ಒಂದು ಮರದಲ್ಲಿ ಕುಳಿ, ಇನ್ನೊಂದರಲ್ಲಿ ಅದಕ್ಕೊಪ್ಪುವ ನಾಲಿಗೆ.

ನಾಲಿಗೆಯ ದಪ್ಪ ಸಾಮಾನ್ಯವಾಗಿ ಮರದ ದಪ್ಪದ 3ರಲ್ಲಿ 1 ಪಾಲು. ಎಳೆದ ಗೀಟನ್ನು ಉಳಿಸಿಕೊಂಡು, ಕಳೆಯಬೇಕಾದ ಭಾಗದಲ್ಲಿ ಗರಗಸ ನಡೆಸಬೇಕು. ವ್ಯಾಕರಣದ ಲೋಪಸಂಧಿಯಂತೆ ಇಲ್ಲಿಯೂ ಕೂಡಬೇಕಾದರೆ ಮೊದಲು ಕಳೆಯಬೇಕು. ಆಗಮಕ್ಕೆ ಮಾತ್ರ ಎಡೆಯಿಲ್ಲ, ಹೆಚ್ಚಾಗಿ ಕೊರೆದ ಮರ ಮರಳಿ ಬಾರದು.

ಹಿಂದೆ ತೊಗಲು, ಮೂಳೆಗಳನ್ನು ಬೇಯಿಸಿ ತೆಗೆದ ಸರೇಸು ಬಳಕೆಯಲ್ಲಿತ್ತು. ತೇವ ತಗುಲಿದರೆ ಅದು ಸಡಿಲುವುದು. ಈಗ ಬಿಳಿಯ ಫೆವಿಕಾಲ್ ಬಂದಿದೆ. ಯಾವ ಅಂಟಾದರೂ ಎಳೆಯುದ್ದದ ಪಕ್ಕಗಳನ್ನೇ ಬಲವಾಗಿ ಹಿಡಿಯುವುದು. ಅಡ್ಡ ಕೊಯ್ದ ತುದಿ ಹುಲ್ಲಿನ ಕಂತೆಯ ತುದಿಯಂತೆ ಅಂಟನ್ನು ಹೀರಿಬಿಡುತ್ತದೆ. ಎಳೆಯ ಪಕ್ಕಗಳನ್ನು ಎದುರುಬದುರಾಗಿ ತರುವುದೇ ಕುಳಿ-ನಾಲಿಗೆಗಳ ಗುಟ್ಟು.

ಅಂಟು ಬಳಿದ ಮೇಲೆ ಕ್ಲಾಂಪಿನ ಬಿಗಿತ, ಅಂಚಿನಲ್ಲಿ ಅಂಟಿನ ತೆಳುಗೆರೆ ಮೂಡುವಷ್ಟಿದ್ದರೆ ಸಾಕು. ಅತಿಯಾದರೆ ಅಂಟು ಹೊರಚೆಲ್ಲಿ ಚೌಕಟ್ಟು ಸೊಟ್ಟಗಾಗುವುದು. ಆಗಲೇ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು, ಸಮವಾಗಿರುವುದನ್ನು ಕಂಡುಕೊಳ್ಳಬೇಕು. ಪೂರ್ಣಬಲ ಬರಲು ಒಂದು ದಿನ ಬೇಕು.

ಸಡಿಲವಾದ ಸಂಧಿಗೆ ಮರದ ಹೊಟ್ಟು ಬೆರೆಸಿದ ಅಂಟನ್ನು ತುಂಬಿ ಮರೆಮಾಚುವವರೂ ಉಂಟು. ಹೊರಗಣ್ಣಿಗೆ ಭೇದ ತೋರದು. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ, ಮೇಲೆ ನಾಲ್ಕು ಮಕ್ಕಳು ಕುಳಿತು ಅಲುಗಾಡಿದಾಗ ಆ ಹೊಟ್ಟು ಉದುರಿ ಬೆಂಚಿನ ಕಾಲು ಕಳಚುತ್ತದೆ.